ತತ್ತಿಯ ನೀರಿನ ಲೆಕ್ಕ

ಹೊತ್ತು ಮುಳುಗಿದ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ತಿನಿಸಿನ ಗಾಡಿಗಳು ಒಂದೊಂದಾಗಿ ದೀಪ ಹಚ್ಚುತ್ತವೆ. ಎಗ್‌ ರೈಸು, ಆಮ್ಲೆಟ್ಟಿನ ಗಾಡಿಯ ಬದಿಗೆ ಮೂವತ್ತು ಮೂವತ್ತು ತತ್ತಿಯ ಟ್ರೇಗಳನ್ನು ಪೇರಿಸಿಟ್ಟಿರುತ್ತಾರೆ. ಅನುಮಾನ ಬಂದ ತತ್ತಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸುತ್ತಾರೆ. "ಒಳಗ ಸಪ್ಪಳಾತಂದ್ರ ಬ್ಯಾಡ್ರಿ, ಹಳೇದದು." ಅದಕ್ಕೂ ಸಮಾಧಾನವಾಗದಿದ್ದರೆ ನೀರಿಗೆ ಹಾಕಿ ನೋಡುತ್ತಾರೆ. ತಾಜಾ ತತ್ತಿ ತಳ ಸೇರಿ ಅಡ್ಡಲಾಗಿ ಮಲಗುತ್ತದೆ. ನಾಲ್ಕಾರು ದಿನ ಕಳೆದದ್ದು ದಪ್ಪ ತುದಿಯನ್ನು ಮೇಲೆತ್ತುತ್ತದೆ, ಇನ್ನೂ ಹಳೆಯದು ನೆಟ್ಟಗೆ ನಿಲ್ಲುತ್ತದೆ, ತೀರಾ ಹಳೆಯದು ತೇಲುತ್ತದೆ.

ಪರೀಕ್ಷೆ ಸರಿಯಾದದ್ದೇ. ಆದರೆ ಅದು ಅಳೆಯುವುದು ಕೊಳೆತವನ್ನಲ್ಲ, ಒಣಗಿದ್ದನ್ನು. ಸುಮಾರು 60 ಗ್ರಾಂ ತೂಗುವ ತಾಜಾ ಕೋಳಿತತ್ತಿಯ ಗಾತ್ರ 55 ಮಿಲಿಲೀಟರ್‌ ಆಸುಪಾಸು. ಚಿಪ್ಪು ಕುಗ್ಗುವುದಿಲ್ಲ, ಆದ್ದರಿಂದ ಗಾತ್ರ ಎಂದಿಗೂ ಅಷ್ಟೇ. ಒಳಗಿನಿಂದ 5 ಗ್ರಾಂ ನೀರು ಆವಿಯಾಗಿ ಹೋದರೆ ತೂಕ 55ಕ್ಕೆ ಇಳಿಯಿತು, ತತ್ತಿ ತೇಲಿತು. ಹೋದ ನೀರಿನ ಜಾಗಕ್ಕೆ ಗಾಳಿ ಬಂದು ದಪ್ಪ ತುದಿಯಲ್ಲಿ ಕೂಡುತ್ತದೆ. ನೀರಿನಲ್ಲಿ ಆ ತುದಿಯೇ ಮೇಲೇಳುವುದು ಅದಕ್ಕೆ, ಅಲುಗಿಸಿದಾಗ ಸಪ್ಪಳವಾಗುವುದೂ ಅದಕ್ಕೇ.

ಫಾರಂ ತತ್ತಿಯಲ್ಲಿ ಮರಿಯಾಗುವ ಬೀಜವೇ ಇರುವುದಿಲ್ಲ, ಹುಂಜದ ಮುಖ ಕಾಣದ ಕೋಳಿ ಇಟ್ಟ ತತ್ತಿ ಅದು. ಆದರೂ ಒಣಗುತ್ತದೆ. ಒಣಗುವುದು ಜೀವದ ಕೆಲಸವಲ್ಲ, ಚಿಪ್ಪಿನ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೋಳಿತತ್ತಿಯ ಚಿಪ್ಪಿನ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು. ಅದರಲ್ಲಿ ಕಣ್ಣಿಗೆ ಕಾಣದ ಸುಮಾರು 10,000 ರಂಧ್ರಗಳಿವೆ. ಒಂದೊಂದರ ಅಗಲ ಸುಮಾರು 17 ಮೈಕ್ರಾನ್‌. ಹತ್ತು ಸಾವಿರವನ್ನೂ ಒಟ್ಟುಗೂಡಿಸಿದರೆ ಆಗುವ ತೂತು ಎರಡೂಕಾಲು ಚದರ ಮಿಲಿಮೀಟರ್‌ ಮಾತ್ರ. ಮರಿಯ ಉಸಿರಾಟವೆಲ್ಲ ಇಷ್ಟರಲ್ಲೇ ನಡೆಯಬೇಕು. ಆಮ್ಲಜನಕ ಒಳಗೆ ಹೋಗುವುದೂ ಇಂಗಾಲದ ಡೈಆಕ್ಸೈಡ್‌ ಹೊರಗೆ ಬರುವುದೂ ಇದೇ ದಾರಿಯಲ್ಲಿ. ಅದೇ ದಾರಿಯಲ್ಲಿ ನೀರಾವಿಯೂ ಹೊರಬೀಳುತ್ತದೆ, ತಡೆಯುವವರು ಯಾರೂ ಇಲ್ಲ.

ಬೇಸಿಗೆಯಲ್ಲಿ ನೀರು ತಂಪಾಗಿಡುವ ಮಣ್ಣಿನ ಹರವಿಯೂ ಹೀಗೇ ಅಲ್ಲವೇ ಎನಿಸಬಹುದು. ಅಲ್ಲ. ಹರವಿಯ ಮೈಗೆ ನೀರು ನೀರಾಗಿಯೇ ಜಿನುಗಿ ಬಂದು, ಹೊರಮೈ ಒದ್ದೆಯಾಗಿ, ಅಲ್ಲಿಂದ ಆರುತ್ತದೆ. ತತ್ತಿಯ ಹೊರಮೈ ಒದ್ದೆಯಾಗುವುದೇ ಇಲ್ಲ. ರಂಧ್ರದಲ್ಲಿ ಇರುವುದು ಗಾಳಿ. ಒಳಗಿನ ಒದ್ದೆ ಪೊರೆಯಿಂದ ಎದ್ದ ಆವಿಯ ಕಣಗಳು ಆ ಗಾಳಿಯಲ್ಲಿ ಅಲೆಯುತ್ತ, ಆವಿ ಹೆಚ್ಚಿರುವ ಒಳಗಿನಿಂದ ಕಡಿಮೆ ಇರುವ ಹೊರಗೆ ತಾವಾಗಿಯೇ ಸೇರುತ್ತವೆ. ವಿಸರಣೆ ಎಂದು ಶಾಲೆಯಲ್ಲಿ ಓದಿದ್ದು ಇದನ್ನೇ. ಎಷ್ಟು ಬೇಗ ಸೇರುತ್ತವೆ ಎಂಬುದನ್ನು ಎರಡೇ ಸಂಗತಿಗಳು ತೀರ್ಮಾನಿಸುತ್ತವೆ: ಚಿಪ್ಪು ಎಷ್ಟು ಬಿಡುತ್ತದೆ, ಒಳಗೂ ಹೊರಗೂ ಆವಿಯ ಒತ್ತಡದಲ್ಲಿ ಎಷ್ಟು ಅಂತರವಿದೆ.

ಈ ಲೆಕ್ಕವನ್ನು ಹಿಡಿತಕ್ಕೆ ತಂದವರು ಅಮೆರಿಕದ ಬಫಲೊ ವಿಶ್ವವಿದ್ಯಾಲಯದ ಹರ್ಮನ್‌ ರಾನ್‌, ಚಾರ್ಲ್ಸ್‌ ಪಗನೆಲ್ಲಿ, ಮತ್ತು ಅವರ ಜೊತೆ ದುಡಿದ ಇಸ್ರೇಲಿನ ಅಮೋಸ್‌ ಆರ್‌. ಇವರಲ್ಲಿ ರಾನ್‌ ಮೂಲತಃ ಮನುಷ್ಯನ ಶ್ವಾಸಕೋಶದ ಅಭ್ಯಾಸಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎತ್ತರದಲ್ಲಿ ಹಾರುವ ವಿಮಾನ ಚಾಲಕರ ಉಸಿರಿನ ತೊಂದರೆಗಳ ಮೇಲೆ ಕೆಲಸ ಮಾಡಿದವರು. ಉಸಿರಾಡಲು ಎದೆಯನ್ನೇ ಅಲುಗಿಸದ ಜೀವಿ ಹೇಗೆ ಉಸಿರಾಡುತ್ತದೆ ಎಂಬ ಕುತೂಹಲ ಅವರನ್ನು ತತ್ತಿಗೆ ತಂದು ನಿಲ್ಲಿಸಿತು. ಅವರ ಪ್ರಯೋಗದ ಸಾಮಾನು ನೋಡಿದರೆ ಯಾವ ಕಾಲೇಜಿನವರೂ ನಾಳೆಯೇ ಶುರುಮಾಡಬಹುದು: ಗಾಳಿಯಾಡದ ಡಬ್ಬಿ, ಅದರ ತಳಕ್ಕೆ ಸಿಲಿಕಾ ಜೆಲ್‌, ಪತ್ತಾರರ ಅಂಗಡಿಯಲ್ಲಿರುವಂಥ ನಿಖರವಾದ ತಕ್ಕಡಿ. ಸಿಲಿಕಾ ಜೆಲ್‌ ಡಬ್ಬಿಯ ಗಾಳಿಯನ್ನು ಪೂರ್ತಿ ಒಣಗಿಸುತ್ತದೆ, ಅಂದರೆ ಹೊರಗಿನ ಆವಿಯ ಒತ್ತಡ ಸೊನ್ನೆ. ತತ್ತಿಯ ಒಳಗಿನದು ಉಷ್ಣತೆಯಿಂದಲೇ ಗೊತ್ತಾಗುತ್ತದೆ. ದಿನಕ್ಕೆ ಎಷ್ಟು ತೂಕ ಇಳಿಯಿತು ಎಂದು ನೋಡಿದರೆ ಆ ಚಿಪ್ಪಿನ ಗುಣ ಕೈಗೆ ಸಿಕ್ಕಿತು. ಕೋಳಿತತ್ತಿಗೆ ಬಂದ ಉತ್ತರ, ಪಾದರಸದ ಒಂದೊಂದು ಮಿಲಿಮೀಟರ್‌ ಒತ್ತಡದ ಅಂತರಕ್ಕೆ ದಿನಕ್ಕೆ ಹದಿನಾಲ್ಕು ಚಿಲ್ಲರೆ ಮಿಲಿಗ್ರಾಂ ನೀರು.

ಈ ಒಂದು ಅಂಕಿಯನ್ನು ಹಿಡಿದುಕೊಂಡು ದುರ್ಗದಬೈಲಿನ ಟ್ರೇಗೆ ಮರಳಿ ಬನ್ನಿ. ಹುಬ್ಬಳ್ಳಿಯ ಏಪ್ರಿಲ್‌, 34 ಡಿಗ್ರಿ ಸೆಖೆ, ಗಾಳಿಯ ಆರ್ದ್ರತೆ ನೂರಕ್ಕೆ 30 ಎಂದಿಟ್ಟುಕೊಳ್ಳೋಣ. ಅಂತರ 28 ಮಿಲಿಮೀಟರ್‌ ಆಯಿತು, ತತ್ತಿ ದಿನಕ್ಕೆ 400 ಮಿಲಿಗ್ರಾಂ ಕಳೆದುಕೊಳ್ಳುತ್ತದೆ. ಹನ್ನೆರಡು ಹದಿಮೂರು ದಿನಕ್ಕೆ ತೇಲಬೇಕು. ಅದೇ ಜುಲೈ, ಜಿಟಿಜಿಟಿ ಮಳೆ, 25 ಡಿಗ್ರಿ, ಆರ್ದ್ರತೆ ನೂರಕ್ಕೆ 85 ಎಂದರೆ ಅಂತರ ನಾಲ್ಕು ಮಿಲಿಮೀಟರೂ ಇಲ್ಲ. ದಿನಕ್ಕೆ 50 ಮಿಲಿಗ್ರಾಂ. ತೇಲಲು ಮೂರು ತಿಂಗಳು ಬೇಕು, ಅಷ್ಟರಲ್ಲಿ ತತ್ತಿ ಕೆಟ್ಟು ನಾರಿ ಎಷ್ಟೋ ಕಾಲವಾಗಿರುತ್ತದೆ. ಆದ್ದರಿಂದ ಏಪ್ರಿಲಿನಲ್ಲಿ ತೇಲಿದ ತತ್ತಿಯನ್ನು ಕಂಡು ಗಾಡಿಯವರನ್ನು ಬಯ್ಯಬೇಕಾಗಿಲ್ಲ. ಜುಲೈಯಲ್ಲಿ ಮುಳುಗಿದ್ದನ್ನು ನಂಬಲೂಬೇಕಾಗಿಲ್ಲ.

ಇನ್ನು ಕಾವಿನ ಮಾತು.

ಜವಾರಿ ಕೋಳಿ ಬುಟ್ಟಿಯಲ್ಲಿ ಕಾವಿಗೆ ಕೂತಿತೆಂದರೆ ಇಪ್ಪತ್ತೊಂದು ದಿನ. ಆ ಅವಧಿಯಲ್ಲಿ 60 ಗ್ರಾಮಿನ ತತ್ತಿ ಸುಮಾರು 6 ಲೀಟರ್‌ ಆಮ್ಲಜನಕ ಎಳೆದುಕೊಳ್ಳುತ್ತದೆ, ನಾಲ್ಕೂವರೆ ಲೀಟರ್‌ ಇಂಗಾಲದ ಡೈಆಕ್ಸೈಡ್‌ ಬಿಡುತ್ತದೆ, 11 ಲೀಟರ್‌ ನೀರಾವಿ ಬಿಡುತ್ತದೆ. ಇಲ್ಲೊಂದು ಚೆಂದದ ಕಾಕತಾಳೀಯವಿದೆ. ಒಳಬಂದ ಆಮ್ಲಜನಕದ ತೂಕವೂ ಹೊರಹೋದ ಇಂಗಾಲದ ಡೈಆಕ್ಸೈಡಿನ ತೂಕವೂ ಹೆಚ್ಚುಕಡಿಮೆ ಒಂದೇ, ಎರಡೂ ಒಂಬತ್ತು ಗ್ರಾಮಿಗೆ ಸ್ವಲ್ಪ ಕಡಿಮೆ. ಜಮಾಕ್ಕೆ ಖರ್ಚು ಸರಿಹೋಯಿತು. ಹಾಗಾಗಿ ತಕ್ಕಡಿಯಲ್ಲಿ ತತ್ತಿ ಎಷ್ಟು ಇಳಿದಿದೆಯೋ ಅಷ್ಟೂ ನೀರೇ. 11 ಲೀಟರ್‌ ಆವಿಯೆಂದರೆ ಸುಮಾರು 9 ಗ್ರಾಂ ನೀರು, ಮೊದಲ ತೂಕದ ನೂರಕ್ಕೆ ಹದಿನೈದು.

ರಾನ್‌ ಮತ್ತು ಆರ್‌ ಹಲವು ಜಾತಿಯ ಹಕ್ಕಿಗಳ ಅಂಕಿಗಳನ್ನು ಒಂದೆಡೆ ತಂದು ನೋಡಿದಾಗ ಬೆರಗು ಹುಟ್ಟಿಸಿದ್ದು ಈ ಹದಿನೈದು. ಒಂದೆರಡು ಗ್ರಾಂ ತೂಗುವ ಪುಟ್ಟ ಹಕ್ಕಿಯ ತತ್ತಿಯಿಂದ ಹಿಡಿದು ಒಂದೂವರೆ ಕಿಲೋದ ಉಷ್ಟ್ರಪಕ್ಷಿಯ ತತ್ತಿಯವರೆಗೆ, ಹನ್ನೊಂದು ದಿನದ ಕಾವಿನಿಂದ ಎರಡು ತಿಂಗಳ ಕಾವಿನವರೆಗೆ, ಎಲ್ಲ ತತ್ತಿಗಳೂ ನೂರಕ್ಕೆ ಹದಿನೈದರ ಅತ್ತಿತ್ತಲೇ ಕಳೆದುಕೊಳ್ಳುತ್ತವೆ. ಕಾವು ಉದ್ದವಿದ್ದರೆ ದಿನದ ನಷ್ಟ ಕಡಿಮೆ, ಕಾವು ಚಿಕ್ಕದಿದ್ದರೆ ಹೆಚ್ಚು. ಬರೀ ಸೋರಿಕೆಯಾಗಿದ್ದರೆ ಇಷ್ಟು ಒಕ್ಕಟ್ಟಿನ ಅಂಕಿ ಬರುತ್ತಿರಲಿಲ್ಲ. ಇದು ಹೋಗಲೇಬೇಕಾದ ನೀರು.

ಯಾಕೆ ಹೋಗಬೇಕು? ಮರಿಯ ಊಟ ಹಳದಿ ಲೋಳೆಯ ಕೊಬ್ಬು. ಕೊಬ್ಬು ಮೈಯೊಳಗೆ ಉರಿದಾಗ ಅದರ ಜಲಜನಕ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಗ್ರಾಂ ಕೊಬ್ಬಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚೇ ನೀರು. ಆರು ಲೀಟರ್‌ ಆಮ್ಲಜನಕದಲ್ಲಿ ಸುಮಾರು 3 ಗ್ರಾಂ ಕೊಬ್ಬು ಉರಿಯುತ್ತದೆ, ಮೂರು ಗ್ರಾಂ ಹೊಸ ನೀರು ಹುಟ್ಟುತ್ತದೆ. ಈಗ ಕೂಡಿ ಕಳೆಯಿರಿ. ಚಿಪ್ಪು ಬಿಟ್ಟು ತತ್ತಿಯ ಒಳಗಿನ ತೂಕ 54 ಗ್ರಾಂ, ಅದರಲ್ಲಿ ನೀರು 40, ಅಂದರೆ ನೂರಕ್ಕೆ 74. ಒಂದು ಹನಿಯೂ ಹೊರಗೆ ಹೋಗದಿದ್ದರೆ ಕೊನೆಗೆ ನೀರು 43, ನೂರಕ್ಕೆ 80 ಆಗುತ್ತಿತ್ತು. ಊತ ಬಂದ, ಮೈ ಜೋಲುವ ಮರಿ. ಒಂಬತ್ತು ಗ್ರಾಂ ಹೋದದ್ದರಿಂದ ಉಳಿದದ್ದು 34 ಗ್ರಾಂ ನೀರು, ಒಳಗಿನ ಒಟ್ಟು ತೂಕ 45, ಅಂದರೆ ನೂರಕ್ಕೆ 76. ಇಟ್ಟ ದಿನ ಎಷ್ಟು ಒದ್ದೆಯಿತ್ತೋ ಒಡೆಯುವ ದಿನವೂ ಹೆಚ್ಚುಕಡಿಮೆ ಅಷ್ಟೇ ಒದ್ದೆ. ತತ್ತಿ ತನ್ನ ನೀರನ್ನು ಉಳಿಸಿಕೊಳ್ಳುವುದು ಕಳೆದುಕೊಳ್ಳುವುದರಿಂದಲೇ.

ಎರಡನೆಯ ಕಾರಣ ಜಾಗ. ಹದಿನೆಂಟನೆಯ ದಿನದ ತತ್ತಿಯನ್ನು ಕತ್ತಲೆಯಲ್ಲಿ ಟಾರ್ಚಿನ ಮೇಲಿಟ್ಟು ನೋಡಿ. ಕೆಳಗೆಲ್ಲ ಕಪ್ಪು, ಅದು ಮರಿ. ದಪ್ಪ ತುದಿಯಲ್ಲಿ ಮಾತ್ರ ಬೆಳಕು ಹಾಯುವ ಟೊಪ್ಪಿಗೆಯಂಥ ಭಾಗ, ಓರೆಯಾದ ಅಂಚು. ಅದೇ ಗಾಳಿಕೋಣೆ. ಕೋಳಿಯ ಮೈಯಿಂದ ಬಿಸಿಬಿಸಿಯಾಗಿ ಹೊರಬಿದ್ದ ತತ್ತಿ ತಣಿಯುವಾಗ ಒಳಗಿನದು ಕುಗ್ಗಿ, ಎರಡು ಪೊರೆಗಳ ನಡುವೆ ಗಾಳಿ ನುಗ್ಗಿ ಹುಟ್ಟಿದ್ದು ಅದು. ಮೊದಲು ಒಂದು ನಾಣ್ಯದಷ್ಟಿದ್ದದ್ದು ಈಗ ತತ್ತಿಯ ಆರನೆಯ ಒಂದು ಪಾಲನ್ನು ತುಂಬಿದೆ. ನೋಡುತ್ತ ಕೂತರೆ ಅಂಚಿನ ನೆರಳು ಅಲುಗಾಡುತ್ತದೆ. ಹತ್ತೊಂಬತ್ತನೆಯ ದಿನದ ಹೊತ್ತಿಗೆ ಬಲರೆಕ್ಕೆಯ ಅಡಿಯಿಂದ ತಲೆ ಹೊರಳಿಸಿ ಮರಿ ಪೊರೆಗೆ ಕೊಕ್ಕು ಚುಚ್ಚುತ್ತದೆ. ಆ ಕೋಣೆಯ ಗಾಳಿಯೇ ಅದರ ಶ್ವಾಸಕೋಶಕ್ಕೆ ಬೀಳುವ ಮೊದಲ ಉಸಿರು. ಅಲ್ಲಿಂದ ಚಿಪ್ಪು ಒಡೆಯುವವರೆಗೆ, ಹೆಚ್ಚುಕಡಿಮೆ ಒಂದು ದಿನ, ಅಷ್ಟರಲ್ಲೇ ಬದುಕಬೇಕು. ನೀರು ಸಾಕಷ್ಟು ಹೋಗಿರದಿದ್ದರೆ ಕೋಣೆ ಚಿಕ್ಕದು, ಮರಿ ದೊಡ್ಡದು, ತಲೆ ಹೊರಳಿಸಲು ಎಡೆಯಿಲ್ಲ. ಕೊಕ್ಕು ಚುಚ್ಚಿದಲ್ಲಿ ಗಾಳಿಯ ಬದಲು ನೀರು. ಪೂರ್ತಿ ಬೆಳೆದ ಮರಿಗಳು ಚಿಪ್ಪಿನೊಳಗೇ ಸತ್ತದ್ದನ್ನು ಕಂಡು "ಕಾವು ಸಾಲಲಿಲ್ಲ" ಎಂದುಬಿಡುತ್ತಾರೆ. ಹಲವು ಸಲ ಸಾಲದೆ ಹೋದದ್ದು ಕಾವಲ್ಲ, ಒಣಗು.

ವಿಪರೀತ ಒಣಗಿದರೂ ಕಷ್ಟವೇ. ಪೊರೆ ಕಾಗದದಂತೆ ಬಿರುಸಾಗಿ ಮರಿಯ ಪುಕ್ಕಕ್ಕೆ ಅಂಟಿಕೊಳ್ಳುತ್ತದೆ, ಚಿಪ್ಪಿಗೆ ತೂತು ಹಾಕಿದ ಮರಿ ತಿರುಗಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ.

ಭ್ರೂಣ ಇದನ್ನೆಲ್ಲ ಸುಮ್ಮನೆ ಸಹಿಸಿಕೊಂಡು ಕೂತಿರುವುದಿಲ್ಲ. ಅದಕ್ಕೆ ಅಲಾಂಟಾಯಿಸ್‌ ಎಂಬ ಪೊರೆಚೀಲವಿದೆ. ಮೂತ್ರಪಿಂಡದ ದ್ರವ ಮೊದಲು ಇಲ್ಲಿಗೆ ಬಂದು ತುಂಬುತ್ತದೆ, ಕಾವಿನ ನಡುಘಟ್ಟ ದಾಟುವ ಹೊತ್ತಿಗೆ ಚೀಲ ತುಂಬಿರುತ್ತದೆ. ಆಮೇಲೆ ಚೀಲದ ಗೋಡೆ ಸೋಡಿಯಂ ಲವಣವನ್ನು ರಕ್ತಕ್ಕೆ ಎಳೆಯುತ್ತದೆ, ಲವಣದ ಬೆನ್ನಿಗೆ ನೀರೂ ಬರುತ್ತದೆ. ಡೊನಾಲ್ಡ್‌ ಹಾಯ್ಟ್‌ 1979ರಲ್ಲಿ ಇದನ್ನು ನೆಲಗಪ್ಪೆಯ ಮೂತ್ರಕೋಶದ ಕೆಲಸಕ್ಕೆ ಸಮ ಎಂದರು. ನೆಲಗಪ್ಪೆ ಬರಗಾಲಕ್ಕೆಂದು ನೀರನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಪ್ರಾಣಿ. ಮರಿಯ ಮೈಯ ಕಸ ಮುಖ್ಯವಾಗಿ ಯೂರಿಕ್‌ ಆಮ್ಲವಾಗಿ ಹೊರಬೀಳುವುದೂ ಇದೇ ಜಿಪುಣತನದ ಇನ್ನೊಂದು ಮುಖ. ನಮ್ಮ ಯೂರಿಯಾದಂತೆ ಅದನ್ನು ಕರಗಿಸಿಡಲು ಬಹಳ ನೀರು ಬೇಡ, ಬಿಳಿ ಗಸಿಯಾಗಿ ಕೂತುಬಿಡುತ್ತದೆ. ಮರಿ ಎದ್ದುಹೋದ ಚಿಪ್ಪಿನ ಒಳಮೈ ಕೆರೆದರೆ ಆ ಗಸಿ ಬೆರಳಿಗೆ ಹತ್ತುತ್ತದೆ.

ಇಷ್ಟಾದರೂ ಭ್ರೂಣ ಒಂದು ರಂಧ್ರವನ್ನೂ ಮುಚ್ಚಲಾರದು, ತೆರೆಯಲಾರದು. ಚಿಪ್ಪು ಕೋಳಿಯ ಹೊಟ್ಟೆಯಲ್ಲಿ ಸುಮಾರು ಇಪ್ಪತ್ತು ತಾಸಿನಲ್ಲಿ ಸಿದ್ಧವಾಗಿ, ರಂಧ್ರಗಳ ಸಂಖ್ಯೆ ಅಲ್ಲಿಗೇ ನಿಗದಿಯಾಗಿರುತ್ತದೆ. ಮುಂದಿನ ಮೂರು ವಾರ ಮಳೆ ಹಿಡಿಯುತ್ತದೋ ಬಿಸಿಗಾಳಿ ಬೀಸುತ್ತದೋ ಆ ಕೋಳಿಗೆ ಏನು ಗೊತ್ತು? ಹಾಗಿದ್ದರೆ ಏಪ್ರಿಲಿನ ತತ್ತಿ ಒಣಗಿ ಸಾಯಬೇಕಿತ್ತು, ಜುಲೈಯದು ಒಣಗದೆ ಸಾಯಬೇಕಿತ್ತು. ಟ್ರೇಯ ತತ್ತಿಯಲ್ಲಿ ಎರಡು ಋತುಗಳ ನಡುವೆ ಎಂಟು ಪಟ್ಟು ಅಂತರವಿತ್ತಲ್ಲ.

ಇದನ್ನು ಬಿಡಿಸುವುದು ಕೋಳಿಯ ಹೊಟ್ಟೆಯ ಬಿಸಿ. ಟ್ರೇಯ ತತ್ತಿ ಗಾಳಿಯಷ್ಟೇ ಬೆಚ್ಚಗಿರುತ್ತದೆ. ಕಾವಿಗಿಟ್ಟ ತತ್ತಿ ಏಪ್ರಿಲಿನಲ್ಲೂ 38 ಡಿಗ್ರಿ, ಜುಲೈಯಲ್ಲೂ 38 ಡಿಗ್ರಿ. ಒಳಗಿನ ಆವಿಯ ಒತ್ತಡ ಯಾವಾಗಲೂ ಸುಮಾರು 50 ಮಿಲಿಮೀಟರ್‌. ಹೊರಗಡೆ ಏಪ್ರಿಲಿನಲ್ಲಿ 12, ಜುಲೈಯಲ್ಲಿ 20. ಅಂತರ 38 ಮತ್ತು 30. ಎಂಟು ಪಟ್ಟಿದ್ದದ್ದು ಒಂದೂಕಾಲು ಪಟ್ಟಿಗೆ ಇಳಿದುಬಿಟ್ಟಿತು! ಮೇಲಾಗಿ ಕೋಳಿಯ ಚರ್ಮದ ತೇವ, ಕವಿದ ಪುಕ್ಕ, ಬುಟ್ಟಿಯ ಹೊಟ್ಟು ಎಲ್ಲ ಸೇರಿ ಗೂಡಿನ ಗಾಳಿಯನ್ನು ಹೊರಗಿನದಕ್ಕಿಂತ ಒಂದಿಷ್ಟು ತೇವವಾಗಿಡುತ್ತವೆ. ಕಾವು ಕೊಡುವುದೆಂದರೆ ಬೆಚ್ಚಗಿಡುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಹವಾಮಾನದ ಏರಿಳಿತವನ್ನು ಚಿಪ್ಪು ತಡೆಯುವಷ್ಟಕ್ಕೆ ತಗ್ಗಿಸುವುದೂ ಅದೇ ಬೆಚ್ಚಗಿನ ಕೆಲಸ. (ಬೇಸಿಗೆಯಲ್ಲಿ ಕೂಡಿಸಿದ ತತ್ತಿ ಹೆಚ್ಚು ಕೆಡುವುದಕ್ಕೆ ಬೇರೆ ಕಾರಣವೂ ಇದೆ. ಕಾವಿಗಿಡುವ ಮೊದಲೇ ಮನೆಯ ಸೆಖೆಗೆ ಭ್ರೂಣ ಅರೆಬರೆ ಬೆಳೆಯಲು ತೊಡಗಿ, ಅಲ್ಲೇ ಸತ್ತಿರುತ್ತದೆ. ಅದನ್ನು ನೀರಿನ ತಲೆಗೆ ಕಟ್ಟಬಾರದು.)

ಬುಟ್ಟಿಯಿಲ್ಲದ ಹಕ್ಕಿಗಳ ಪಾಡು ಬೇರೆ. ಊರಂಚಿನ ಬಯಲಿನಲ್ಲಿ ಟಿಟ್ಟಿಭ ನೆಲವನ್ನೇ ಕೆದರಿ, ಸುತ್ತ ನಾಲ್ಕು ಕಲ್ಲು ಜೋಡಿಸಿ ತತ್ತಿಯಿಡುತ್ತದೆ, ಅದೂ ಬೇಸಿಗೆಯಲ್ಲೇ. ಅಲ್ಲಿ ಬಿಸಿಲಿಗೆ ನೆಲ ಹಕ್ಕಿಯ ಮೈಗಿಂತ ಬಿಸಿ. ಆಗ ಅದು ಹತ್ತಿರದ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿಗಳ ಮೇಲೆ ಕೂರುತ್ತದೆ. ಮುಖ್ಯ ಉದ್ದೇಶ ತಂಪು, ಜೊತೆಗೆ ತೇವವೂ ಸಿಗುತ್ತದೆ. ಗಿಲ್ಬರ್ಟ್‌ ಗ್ರಾಂಟ್‌ ಕ್ಯಾಲಿಫೋರ್ನಿಯಾದ ಸಾಲ್ಟನ್‌ ಸರೋವರದ ಬಳಿ ಇಂಥ ಹಕ್ಕಿಗಳನ್ನು ಅಭ್ಯಾಸ ಮಾಡಿ 1982ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಗುಳುಮುಳುಕದ್ದು ತದ್ವಿರುದ್ಧ ಕಥೆ. ಉಣಕಲ್‌ ಕೆರೆಯಂಥ ನೀರಿನಲ್ಲಿ ಮುಳುಗೇಳುತ್ತಿರುವ ಈ ಪುಟ್ಟ ಹಕ್ಕಿ ಕೊಳೆತ ಜೊಂಡಿನ ತೇಲುಗೂಡಿನಲ್ಲಿ ತತ್ತಿಯಿಟ್ಟು, ಎದ್ದುಹೋಗುವಾಗ ಹಸಿ ಎಲೆ ಮುಚ್ಚಿ ಹೋಗುತ್ತದೆ. ಗೂಡಿನ ಗಾಳಿ ಆವಿಯಿಂದ ಗವ್ವೆನ್ನುತ್ತಿರುತ್ತದೆ. ಅಲ್ಲಿ ಕೋಳಿಯಂಥ ಚಿಪ್ಪಿದ್ದರೆ ಮರಿ ಮುಳುಗಿ ಸಾಯುತ್ತಿತ್ತು. ಈ ಕುಲದ ಅಮೆರಿಕದ ಹಕ್ಕಿಗಳನ್ನು ಅಳೆದು ನೋಡಿದವರಿಗೆ ಕಂಡದ್ದು, ಅವುಗಳ ಚಿಪ್ಪು ಅದೇ ತೂಕದ ಬೇರೆ ತತ್ತಿಗಳಿಗಿಂತ ಬಹಳ ಹೆಚ್ಚು ಆವಿ ಬಿಡುತ್ತದೆ ಎಂದು. ಗೂಡು ಒದ್ದೆಯಾದಷ್ಟೂ ಚಿಪ್ಪಿಗೆ ತೂತು ಹೆಚ್ಚು.

ಎತ್ತರ ಇನ್ನೊಂದು ತೊಡಕು. ಗಾಳಿ ತೆಳುವಾದಷ್ಟೂ ಆವಿಯ ಕಣಗಳಿಗೆ ಅಡ್ಡಿ ಕಡಿಮೆ, ವಿಸರಣೆ ಬೇಗ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಹುಬ್ಬಳ್ಳಿಯಲ್ಲಿ ಒಂದೇ ಚಿಪ್ಪು ಕಾರವಾರದಲ್ಲಿ ಬಿಡುವುದಕ್ಕಿಂತ ನೂರಕ್ಕೆ ಏಳೆಂಟರಷ್ಟು ಹೆಚ್ಚು ಆವಿ ಬಿಡಬೇಕು, ಉಳಿದದ್ದೆಲ್ಲ ಒಂದೇ ಇದ್ದರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ತತ್ತಿಯಿಡುವುದು ಟಿಬೆಟ್‌ ಕಡೆಯ ಎತ್ತರದ ಸರೋವರಗಳ ದಂಡೆಯಲ್ಲಿ. ನಾಲ್ಕು ಸಾವಿರ ಮೀಟರಿನಲ್ಲಿ ವಿಸರಣೆ ಒಂದೂವರೆ ಪಟ್ಟನ್ನೂ ಮೀರುತ್ತದೆ. ಎತ್ತರದ ತತ್ತಿಗಳ ರಂಧ್ರಗಳ ಒಟ್ಟು ವಿಸ್ತೀರ್ಣವೇ ಕಡಿಮೆ ಎಂದು ರಾನ್‌, ಸಿಂಥಿಯಾ ಕೇರಿ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದರು. ಆಮೇಲೆ 3,800 ಮೀಟರಿನಲ್ಲಿದ್ದ ಕೋಳಿಗಳನ್ನು 1,200 ಮೀಟರಿಗೆ ಇಳಿಸಿ ನೋಡಿದಾಗ, ಅವೇ ಕೋಳಿಗಳು ಮುಂದೆ ಇಟ್ಟ ತತ್ತಿಗಳ ಚಿಪ್ಪು ಹೆಚ್ಚು ಆವಿ ಬಿಡತೊಡಗಿತು. ನಾಳಿನ ಮಳೆ ಗೊತ್ತಿಲ್ಲದ ಕೋಳಿಗೆ ತಾನಿರುವ ಎತ್ತರ ಮಾತ್ರ ಹೇಗೋ ಗೊತ್ತು.

ಯಂತ್ರಕ್ಕೆ ಇದಾವುದೂ ಗೊತ್ತಿಲ್ಲ. ಥರ್ಮೊಕೋಲ್‌ ಪೆಟ್ಟಿಗೆಗೆ ಬಲ್ಬು, ಫ್ಯಾನು ಹಾಕಿ ಮನೆಯಲ್ಲೇ ಜವಾರಿ ಮರಿ ಮಾಡಿಸುವವರು ಈಗ ಬಹಳ. ಅವರ ಕಣ್ಣೆಲ್ಲ 37.5 ಡಿಗ್ರಿ ತೋರಿಸುವ ಮೀಟರಿನ ಮೇಲೆ. ಆರ್ದ್ರತೆಗೆ "ಒಂದು ವಾಟಗದಾಗ ನೀರಿಟ್ಟರ ಆತು" ಎಂಬ ಧೋರಣೆ. ಅದೇ ವಾಟಗದ ನೀರು ಏಪ್ರಿಲಿನಲ್ಲಿ ಸಾಲದು, ಜುಲೈಯಲ್ಲಿ ಮಿತಿಮೀರುತ್ತದೆ. ಮೊದಲ ಹದಿನೆಂಟು ದಿನ ಆರ್ದ್ರತೆ ನೂರಕ್ಕೆ 50ರಿಂದ 60ರ ನಡುವೆ ಇರಲಿ ಎನ್ನುವುದು ರೂಢಿ. ಅಗ್ಗದ ಮೀಟರು ಸುಳ್ಳು ಹೇಳಬಹುದು, ತಕ್ಕಡಿ ಹೇಳುವುದಿಲ್ಲ. ಇಟ್ಟ ದಿನ ಇಡೀ ಟ್ರೇಯನ್ನು ತೂಗಿ ಬರೆದಿಡಿ, ಟ್ರೇಯ ಸ್ವಂತ ತೂಕವನ್ನು ಕಳೆಯಿರಿ. ಆರನೆಯ ದಿನ, ಹನ್ನೆರಡನೆಯ ದಿನ ಮತ್ತೆ ತೂಗಿ. ಹದಿನೆಂಟನೆಯ ದಿನಕ್ಕೆ ನೂರಕ್ಕೆ 11ರಿಂದ 13 ಇಳಿಯಬೇಕೆಂದರೆ ಆರನೆಯ ದಿನಕ್ಕೆ 4, ಹನ್ನೆರಡಕ್ಕೆ 8 ಆಗಿರಬೇಕು. ಕಡಿಮೆ ಇಳಿದಿದ್ದರೆ ನೀರಿನ ಪಾತ್ರೆ ತೆಗೆದು ಗಾಳಿಕಿಂಡಿ ತೆರೆಯಿರಿ, ಹೆಚ್ಚು ಇಳಿದಿದ್ದರೆ ಅಗಲ ಬಾಯಿಯ ಪಾತ್ರೆ ಇಡಿ. ಆಳದಿಂದ ಪ್ರಯೋಜನವಿಲ್ಲ, ಆವಿ ಏಳುವುದು ನೀರಿನ ಮೇಲ್ಮೈಯಿಂದ. ಕೊನೆಯ ಮೂರು ದಿನ ಮಾತ್ರ ಲೆಕ್ಕ ತಿರುವುಮುರುವು. ಒಣಗಬೇಕಾದದ್ದು ಒಣಗಿ ಮುಗಿದಿದೆ, ಇನ್ನು ತೂತು ಬಿದ್ದ ಚಿಪ್ಪಿನಲ್ಲಿ ಪೊರೆ ಬಿರುಸಾಗಬಾರದು. ಆರ್ದ್ರತೆಯನ್ನು ನೂರಕ್ಕೆ 65–70ಕ್ಕೆ ಏರಿಸಿ, ಮರಿಗಳು ಹೊರಬರುವವರೆಗೆ ಮುಚ್ಚಳ ತೆಗೆದು ಇಣುಕುವ ಆಸೆಯನ್ನು ತಡೆದುಕೊಳ್ಳಿ.